ಶಿಶುನಾಳ ಷರೀಫರು: ಹಾಡಾಗಿಯೇ ಉಳಿದ ಕಾವ್ಯ

ಹುಟ್ಟು, ಗುರು

ಸಂತ ಶಿಶುನಾಳ ಷರೀಫರು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ (ಶಿಶುನಾಳ) ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಬದುಕಿನ ದಾರಿ ತಿರುಗಿದ್ದು ಕಳಸದ ಗೋವಿಂದ ಭಟ್ಟರಿಂದ. ಬ್ರಾಹ್ಮಣ ಗುರುವು ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದ ಕಥೆಯನ್ನು ಆ ಸೀಮೆಯವರು ಇಂದಿಗೂ ಹೇಳುತ್ತಾರೆ.

ಪದ ಕಟ್ಟುವ ಬಗೆ

ಷರೀಫರದು ತತ್ವಪದಗಳ ಪರಂಪರೆ. ಮೊದಲು ಪಲ್ಲವಿ, ಆಮೇಲೆ ನುಡಿಗಳು, ಕೊನೆಯ ನುಡಿಯಲ್ಲಿ ‘ಶಿಶುನಾಳಾಧೀಶ’ ಎಂಬ ಅಂಕಿತ. ಒಬ್ಬರು ನುಡಿ ಹಾಡಿದರೆ ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಏಕತಾರಿ, ದಮ್ಮಡಿ, ತಾಳ ಇದ್ದರೆ ಸಾಕು. ಓದಿದಾಗ ಬಿಡಿಬಿಡಿಯಾಗಿ ಕಾಣುವ ಸಾಲುಗಳು ಪಲ್ಲವಿ ಮರಳಿ ಬಂದಾಗಲೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹಾಗಾಗಿ ಷರೀಫರನ್ನು ಬರೀ ಪುಸ್ತಕದಲ್ಲಿ ಓದಿದವರಿಗೆ ಅವರು ಅರ್ಧವಷ್ಟೇ ಸಿಕ್ಕಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದಗಳ ಚಿತ್ರಗಳೂ ಕೇಳುವವರ ಬದುಕಿನಿಂದಲೇ ಬಂದವು. ಸೋರುವ ಮಾಳಿಗೆಯ ಪದವನ್ನೇ ನೋಡಿ. ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ತೊಲೆ, ಅದರ ಮೇಲೆ ಜಂತಿ, ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೇರಿ ಮಣ್ಣು ಸರಿಮಾಡದಿದ್ದರೆ ಒಳಗೆಲ್ಲ ನೀರು. ಜಂತಿಗೆ ಹುಳ ಹಿಡಿದರೆ, ಕೀಲು ಸಡಿಲಾದರೆ ಮನೆ ಉಳಿಯುವುದಿಲ್ಲ. ಕೇಳುವ ಒಕ್ಕಲಿಗನಿಗೆ ಇದೆಲ್ಲ ಗೊತ್ತಿದ್ದ ಸಂಗತಿ. ಅಜ್ಞಾನ ಕವಿದ ದೇಹವೇ ಆ ಮನೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ತಂಬೂರಿಯ ಪದವೂ ಅಷ್ಟೆ: ಸಂಗೀತದ ಮರ್ಮ ತಿಳಿಯದವನು ವಾದ್ಯ ಹಿಡಿಯಬಾರದೆಂಬ ಗದರಿಕೆ ಸಾಧನೆಯಿಲ್ಲದ ಬದುಕಿಗೂ ತಾಗುತ್ತದೆ. ಹೊಸದಾಗಿ ಬಂದ ಗಿರಣಿಯ ಮೇಲೂ ಅವರು ಪದ ಕಟ್ಟಿದರು.

ಮೊಹರಂ ಪದಗಳು

ಮೊಹರಂನಲ್ಲಿ ಕರ್ಬಲಾದ ಕಥೆಯನ್ನು ಹೆಜ್ಜೆ ಹಾಕುತ್ತಾ ಹಾಡುವ ರಿವಾಯತ್ ಪದಗಳನ್ನೂ ಷರೀಫರು ರಚಿಸಿದ್ದಾರೆ. ಅವರ ಕುರಿತ ಬರಹಗಳಲ್ಲಿ ಇವಕ್ಕೆ ಸಿಗುವ ಜಾಗ ಕಡಿಮೆ. ನನಗದು ನೋವಿನ ಸಂಗತಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಎಲ್ಲ ಜಾತಿಯವರೂ ಸೇರುವ ಹಬ್ಬ. ಆ ಹಬ್ಬದ ಮೇಳ ಷರೀಫರ ಕಾವ್ಯಕ್ಕೆ ಗುರುವಿನ ಮನೆಯಷ್ಟೇ ಹತ್ತಿರದ್ದು.

ಆಮೇಲೆ

1889ರಲ್ಲಿ ಷರೀಫರು ತೀರಿಕೊಂಡರು. ಶಿಶುನಾಳದ ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಸಿ. ಅಶ್ವತ್ಥ್ ಹೊಸ ರಾಗಸಂಯೋಜನೆಯಲ್ಲಿ ಹಾಡಿ ಈ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. ಟಿ.ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದರು. ಭಜನಾ ಮೇಳಗಳವರು ಮಾತ್ರ ತಮ್ಮೂರ ಹಳೆಯ ಧಾಟಿಯಲ್ಲೇ ಹಾಡುತ್ತಾರೆ, ಆ ಧಾಟಿ ಊರಿಂದೂರಿಗೆ ಬೇರೆ.