ಶೀತಪರೀಷಹವೂ ಶ್ರಾವಕಧರ್ಮವೂ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ತಮ, ಮೂರಕ್ಕೊಮ್ಮೆ ಮಧ್ಯಮ, ನಾಲ್ಕಕ್ಕೊಮ್ಮೆ ಜಘನ್ಯ. ಆದುದರಿಂದ ಮಾಗಿಯ ಚಳಿಯಲ್ಲಿಯೂ ಅವರ ಶಿರಸ್ಸಿಗೆ ಕೇಶದ ಆಸರೆಯಿಲ್ಲ, ವಸ್ತ್ರದ್ದಂತೂ ಇಲ್ಲವೇ ಇಲ್ಲ. ತತ್ತ್ವಾರ್ಥಸೂತ್ರವು ಎಣಿಸುವ 22 ಪರೀಷಹಗಳಲ್ಲಿ ಶೀತವು ಮೂರನೆಯದು. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಉತ್ತರಭಾರತದಲ್ಲಿ ವಿಹರಿಸಿದಾಗ ಅಲ್ಲಿನ ಚಳಿಯನ್ನೂ ಈ ವ್ರತದಲ್ಲಿಯೇ ಸಹಿಸಿದರು.

ಹಾಗಾದರೆ ಶ್ರಾವಕನು ಮಾಡಬೇಕಾದುದೇನು? ಭಕ್ತಿಯ ಭರದಲ್ಲಿ ಅಗ್ಗಿಷ್ಟಿಕೆ ಇಡುವುದು ಅಗ್ನಿಕಾಯಿಕ ಜೀವಗಳಿಗೂ ಮುನಿವ್ರತಕ್ಕೂ ಬಾಧಕ. ಗಾಳಿ ನುಗ್ಗದ ವಸತಿ, ಜಂತುರಹಿತವಾದ ಒಣಹುಲ್ಲು, ವಿಹಾರದ ದಾರಿಯಲ್ಲಿ ಜೊತೆ: ಇವೇ ಇಲ್ಲಿ ಉಚಿತವಾದ ವೈಯಾವೃತ್ತ್ಯ. ಹೊಯ್ಸಳರ ಕಾಲದ ಬಸದಿಯುಳ್ಳ ನಿಟ್ಟೂರಿನಂತಹ ಊರುಗಳಲ್ಲಿ ಟ್ರಸ್ಟಿನವರು ಬಸದಿಗೆ ಸುಣ್ಣಬಣ್ಣ ಮಾಡಿಸುವ ಮೊದಲು, ತ್ಯಾಗಿಗಳು ತಂಗುವ ಕೋಣೆಯ ಕದ, ಕಿಟಕಿಗಳನ್ನು ಒಮ್ಮೆ ನೋಡಿಕೊಳ್ಳಲಿ.