ಬೊಂಬೆಗಾಗಿ ಕಾದ ಚಿತ್ರಕಾರ ಮತ್ತು ಮಲ್ಲಿಯ ಸುವರ್ಣಪ್ರತಿಮೆ

ಆಸ್ಟ್ರಿಯಾದ ಚಿತ್ರಕಾರ ಓಸ್ಕರ್ ಕೊಕೊಶ್ಕಾ (1886–1980) 1912ರಲ್ಲಿ ಸಂಗೀತ ರಚನಕಾರ ಗುಸ್ತಾವ್ ಮಾಹ್ಲರನ ವಿಧವೆ ಆಲ್ಮಾಳಲ್ಲಿ ಅನುರಕ್ತನಾದನು. ಬಾಸೆಲ್ ನಗರದ ಕಲಾಸಂಗ್ರಹಾಲಯದಲ್ಲಿರುವ, ಬಿರುಗಾಳಿಯ ನಡುವೆ ಒರಗಿದ ಜೋಡಿಯ ಪ್ರಸಿದ್ಧ ಚಿತ್ರವು ಆ ಪ್ರೇಮದ ಫಲ. 1915ರಲ್ಲಿ ಅವನು ಯುದ್ಧದ ಪೂರ್ವರಂಗದಲ್ಲಿ ತೀವ್ರವಾಗಿ ಗಾಯಗೊಂಡನು; ಅದೇ ವರ್ಷ ಆಲ್ಮಾ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್‌ನನ್ನು ವಿವಾಹವಾದಳು.

1918ರ ಜುಲೈನಲ್ಲಿ ಡ್ರೆಸ್ಡನ್‌ನಲ್ಲಿದ್ದ ಕೊಕೊಶ್ಕಾ, ಆಲ್ಮಾಳನ್ನೇ ಹೋಲುವ ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಡುವಂತೆ ಮ್ಯೂನಿಕ್‌ನ ಹೆರ್ಮಿನೆ ಮೋಸ್ ಎಂಬ ಬೊಂಬೆಗಾರ್ತಿಯನ್ನು ಕೇಳಿಕೊಂಡನು. ಪೂರ್ಣಪ್ರಮಾಣದ ಚಿತ್ರವೊಂದನ್ನೂ ಕಳುಹಿಸಿದನು. ಮುಂದಿನ ತಿಂಗಳುಗಳಲ್ಲಿ ಅವನು ಬರೆದ ಪತ್ರಗಳು ಕಾಯುವಿಕೆಯ ಅಪೂರ್ವ ದಾಖಲೆಗಳಾಗಿವೆ. ಒಳಗೆ ಕುದುರೆಯ ಕೂದಲನ್ನು ತುಂಬಬೇಕು, ಅದರ ಮೇಲೆ ಹಕ್ಕಿಯ ತುಪ್ಪುಳು ಮತ್ತು ಹತ್ತಿಯ ಪದರಗಳಿರಬೇಕು, ಮಾಂಸವು ಸ್ನಾಯುವಾಗಿ ಮಾರ್ಪಡುವ ಎಡೆಗಳು ಕೈಗೆ ತಿಳಿಯಬೇಕು, ಬಾಯಿ ತೆರೆಯುವಂತಿರಬೇಕು ಎಂಬಿವು ಅವನ ಬೇಡಿಕೆಗಳು. ತೊಡಿಸಲು ಸೊಗಸಾದ ಉಡುಪುಗಳನ್ನೂ ಕೊಂಡನು. ಈ ನಡುವೆ ಯುದ್ಧ ಮುಗಿಯಿತು, ಜರ್ಮನಿಯ ಸಾಮ್ರಾಟನು ಪದಚ್ಯುತನಾದನು. ಪತ್ರಗಳ ಕಾತರ ಮಾತ್ರ ತಗ್ಗಲಿಲ್ಲ.

1919ರಲ್ಲಿ ಬೊಂಬೆ ಕೈಸೇರಿದಾಗ ಕೊಕೊಶ್ಕಾ ನಿರಾಶನಾದನು. ಚರ್ಮವೆಂದು ಕಲ್ಪಿಸಿದ್ದ ಹೊದಿಕೆ ರೋಮಮಯವಾಗಿ, ಹಿಮಕರಡಿಯ ತೊಗಲನ್ನು ನೆನಪಿಸುವಂತಿತ್ತು. ಅವನು ಆ ವರ್ಷದ ಏಪ್ರಿಲ್‌ನಲ್ಲಿ ಬೊಂಬೆಗಾರ್ತಿಗೆ ಆಕ್ಷೇಪದ ಪತ್ರ ಬರೆದನು. ಆದರೆ ದೋಷವನ್ನು ಆಕೆಯ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ತಿಂಗಳುಗಟ್ಟಲೆ ಕಲ್ಪನೆಯಿಂದ ತುಂಬಿದ ರೂಪಕ್ಕೆ ಯಾವ ಹೊಲಿಗೆಯೂ ಸಮನಾಗಲಾರದು. ಅವನು ಆ ಬೊಂಬೆಯನ್ನೇ ಮಾದರಿಯಾಗಿಟ್ಟುಕೊಂಡು ಹಲವು ಚಿತ್ರಗಳನ್ನು ರಚಿಸಿದನು. ಸ್ಟುಟ್‌ಗಾರ್ಟ್‌ನಲ್ಲಿರುವ ನೀಲಿಯುಡುಪಿನ ಸ್ತ್ರೀಯ ಚಿತ್ರ (1919) ಅವುಗಳಲ್ಲೊಂದು. ಕೊನೆಗೆ ಒಂದು ಔತಣಕೂಟದ ರಾತ್ರಿ ಬೊಂಬೆಯ ಶಿರಚ್ಛೇದವಾಯಿತು. ಅಂಗಳದಲ್ಲಿ ಬಿದ್ದಿದ್ದುದನ್ನು ಹೆಣವೆಂದು ಭ್ರಮಿಸಿದುದರಿಂದ ಪೊಲೀಸರು ಬಂದರೆಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಸ್ತ್ರೀರೂಪದ ಪ್ರತಿಕೃತಿ ಮತ್ತು ಮೋಹಗಳ ಸಂಬಂಧವನ್ನು ಜೈನ ಕಥಾಸಾಹಿತ್ಯವು ಬಹು ಹಿಂದೆಯೇ ಪರಿಶೀಲಿಸಿದೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದ ಎಂಟನೆಯ ಅಧ್ಯಯನದಲ್ಲಿ ಮಿಥಿಲೆಯ ರಾಜಕುಮಾರಿ ಮಲ್ಲಿಯ ಕಥೆ ಬರುತ್ತದೆ. ಆಕೆ ತನ್ನನ್ನೇ ಹೋಲುವ ಟೊಳ್ಳಾದ ಸುವರ್ಣಪ್ರತಿಮೆಯನ್ನು ಮಾಡಿಸಿ, ಅದರ ನೆತ್ತಿಯಲ್ಲಿ ರಂಧ್ರವಿರಿಸಿ ಪದ್ಮಾಕಾರದ ಮುಚ್ಚಳವನ್ನು ಹಾಕಿಸಿದಳು. ದಿನವೂ ತನ್ನ ಆಹಾರದ ಒಂದು ತುತ್ತನ್ನು ಅದರೊಳಗೆ ಹಾಕುತ್ತ ಬಂದಳು. ತನ್ನನ್ನು ಬಯಸಿ ಮಿಥಿಲೆಯನ್ನು ಮುತ್ತಿದ ಆರು ಅರಸರು ಆ ಪ್ರತಿಮೆಯನ್ನೇ ಮಲ್ಲಿಯೆಂದು ನೋಡುತ್ತ ಮೈಮರೆತಿದ್ದಾಗ ಮುಚ್ಚಳವನ್ನು ತೆರೆದಳು. ದುರ್ಗಂಧ ತಾಳಲಾರದೆ ಅವರು ಮೂಗು ಮುಚ್ಚಿಕೊಂಡರು. ನಿತ್ಯದ ಒಂದು ತುತ್ತಿನಿಂದಲೇ ಪ್ರತಿಮೆ ಹೀಗಾದರೆ ದೇಹದ ಸ್ಥಿತಿ ಏನೆಂದು ಆಕೆ ಕೇಳಿದಾಗ ಅವರಿಗೆ ಜಾತಿಸ್ಮರಣೆ ಉಂಟಾಯಿತು. ಮುಂದೆ ಅವರು ದೀಕ್ಷೆ ವಹಿಸಿದರು. ದಿಗಂಬರ ಪರಂಪರೆಯಲ್ಲಿ ಮಲ್ಲಿನಾಥನು ಪುರುಷ. ಕನ್ನಡದಲ್ಲಿ ನಾಗಚಂದ್ರನ ಮಲ್ಲಿನಾಥಪುರಾಣವು ಆ ಪರಂಪರೆಗೆ ಸೇರಿದುದು.

ಎರಡು ಪ್ರತಿಕೃತಿಗಳಿಗೂ ಕಾಲವೇ ಒಳದ್ರವ್ಯ. ಒಂದರೊಳಗೆ ದಿನದಿನವೂ ಬಯಕೆ ತುಂಬಿತು, ಇನ್ನೊಂದರೊಳಗೆ ಅನ್ನ ಕೊಳೆಯಿತು. ಆದರೆ ಮುಖ್ಯವಾದ ಭೇದವು ಮಾಡಿಸಿದವರಲ್ಲಿದೆ. ಆಲ್ಮಾಳ ರೂಪವನ್ನು ಮಾಡಿಸಿದವನು ಆಕೆ ತೊರೆದುಹೋದ ಪುರುಷ. ಅವಳ ನಿರಾಕರಣೆಗೆ ಆ ಬೊಂಬೆಯಲ್ಲಿ ಸ್ಥಾನವಿರಲಿಲ್ಲ. ಮಲ್ಲಿಯ ರೂಪವನ್ನು ಮಾಡಿಸಿದವಳು ಮಲ್ಲಿಯೇ. ಅವಳ ನಿರಾಕರಣೆಯೇ ಆ ಪ್ರತಿಮೆಯ ಅರ್ಥ. ಆದುದರಿಂದಲೇ ಆರು ಅರಸರು ಪ್ರತಿಮೆಯ ಮುಂದೆ ಸ್ವತಃ ಮಲ್ಲಿಯ ಮಾತನ್ನು ಕೇಳಿದರು. ಕೊಕೊಶ್ಕಾನ ಬೊಂಬೆಗೆ ಅವನು ಬಾಯಿ ತೆರೆಯುವಂತೆ ಬಯಸಿದ್ದನು, ಆದರೆ ಅದರಿಂದ ಆಲ್ಮಾಳ ಮಾತು ಬರುವಂತಿರಲಿಲ್ಲ.