ಕಿರು ಪರಮಾಣು ಸ್ಥಾವರಗಳು: ಎಪ್ಪತ್ತು ವರ್ಷಗಳ ಪಾಠ

ಪರಮಾಣು ವಿದ್ಯುತ್ತಿನ ಮಾತು ಬಂದಾಗಲೆಲ್ಲ ಈಚೆಗೆ ‘ಕಿರು ಮಾಡ್ಯುಲರ್ ರಿಯಾಕ್ಟರ್’ ಎಂಬ ಹೆಸರು ಕೇಳಿಬರುತ್ತಿದೆ. ಅದರ ಎರಡು ಲಕ್ಷಣಗಳು ಹೆಸರಿನಲ್ಲಿಯೇ ಇವೆ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ವರ್ಗೀಕರಣದಂತೆ 300 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುವುದು ಕಿರು ರಿಯಾಕ್ಟರ್. ಮುಖ್ಯ ಭಾಗಗಳನ್ನು ಕಾರ್ಖಾನೆಯಲ್ಲಿ ಸಿದ್ಧಪಡಿಸಿ, ಸ್ಥಳಕ್ಕೆ ಸಾಗಿಸಿ ಜೋಡಿಸುವಂತಿದ್ದರೆ ಅದು ಮಾಡ್ಯುಲರ್. ಇದು ತೀರ ಹೊಸ ಕಲ್ಪನೆ ಎಂದು ಅನೇಕರು ಭಾವಿಸಿದ್ದಾರೆ. ಆದರೆ ಪರಮಾಣು ವಿದ್ಯುತ್ತಿನ ಚರಿತ್ರೆ ಆರಂಭವಾದದ್ದೇ ಕಿರು ಸ್ಥಾವರಗಳಿಂದ. ಅವು ನಡುವೆ ಹಿಂದೆ ಸರಿದದ್ದೇಕೆ? ಈಗ ಮತ್ತೆ ಮುಂದೆ ಬಂದಿರುವುದೇಕೆ? ಯೋಜನೆ ರೂಪಿಸುವವರು ಹಿಂದಿನ ಅನುಭವದಿಂದ ಕಲಿಯಬೇಕಾದುದೇನು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಮೊದಲ ಹೆಜ್ಜೆಗಳು

1954ರ ಜೂನ್ 27ರಂದು ಸೋವಿಯತ್ ಒಕ್ಕೂಟದ ಒಬ್ನಿನ್ಸ್ಕ್ ಸ್ಥಾವರ ಜಾಲಕ್ಕೆ ವಿದ್ಯುತ್ ನೀಡತೊಡಗಿತು. ಅದರ ಸಾಮರ್ಥ್ಯ ಕೇವಲ 5 ಮೆಗಾವಾಟ್. 1955ರ ಜನವರಿಯಲ್ಲಿ ಅಮೆರಿಕದ ಜಲಾಂತರ್ಗಾಮಿ ‘ನಾಟಿಲಸ್’ ಪರಮಾಣು ಶಕ್ತಿಯಿಂದ ಸಂಚಾರ ಹೊರಟಿತು. ಹಡಗಿನ ಹೊಟ್ಟೆಯಲ್ಲಿ ಹಿಡಿಸುವ ರಿಯಾಕ್ಟರನ್ನು ನಿರ್ಮಿಸಬಹುದೆಂದು ಇದರಿಂದ ಸಿದ್ಧವಾಯಿತು.

ಇದೇ ಕಾಲದಲ್ಲಿ ಅಮೆರಿಕದ ಭೂಸೇನೆ ಬೇರೊಂದು ಯೋಜನೆ ಹಾಕಿತು. ದೂರದ, ಹಿಮಾವೃತವಾದ ನೆಲೆಗಳಿಗೆ ಡೀಸೆಲ್ ಸಾಗಿಸುವುದು ಬಹಳ ಕಷ್ಟ. ಅದರ ಬದಲು ಚಿಕ್ಕ ರಿಯಾಕ್ಟರನ್ನೇ ಬಿಡಿಭಾಗಗಳಾಗಿ ಸಾಗಿಸಿ ಅಲ್ಲಿಯೇ ಜೋಡಿಸಿದರೆ ಹೇಗೆ? 1957ರಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಸುಮಾರು 2 ಮೆಗಾವಾಟ್‌ನ ಮೊದಲ ಸ್ಥಾವರ ನಡೆಯಿತು. 1960ರಲ್ಲಿ ಗ್ರೀನ್‌ಲೆಂಡಿನ ಕ್ಯಾಂಪ್ ಸೆಂಚುರಿಯಲ್ಲಿ, ಹಿಮದೊಳಗೆ ಕೊರೆದ ಸುರಂಗದಲ್ಲಿ, ಇನ್ನೊಂದನ್ನು ಜೋಡಿಸಲಾಯಿತು. 1962ರಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೊ ನೆಲೆಯಲ್ಲಿ ಮತ್ತೊಂದು ನಡೆಯಿತು. ‘ಸ್ಟರ್ಜಿಸ್’ ಎಂಬ ಹಡಗಿನ ಮೇಲಿನ 10 ಮೆಗಾವಾಟ್ ಸ್ಥಾವರ 1968ರಿಂದ 1976ರವರೆಗೆ ಪನಾಮಾ ಕಾಲುವೆ ಪ್ರದೇಶಕ್ಕೆ ವಿದ್ಯುತ್ ಕೊಟ್ಟಿತು. ಕಾರ್ಖಾನೆಯಲ್ಲಿ ಮಾಡಿ ಬೇಕಾದಲ್ಲಿಗೆ ಒಯ್ಯುವ ಇಂದಿನ ಕಲ್ಪನೆ ಅಂದೇ ಕಾರ್ಯರೂಪಕ್ಕೆ ಬಂದಿತ್ತು.

ಎಲ್ಲಿ ಎಡವಿದರು?

ಈ ಕಾರ್ಯಕ್ರಮ 1970ರ ದಶಕದಲ್ಲಿ ಮುಕ್ತಾಯವಾಯಿತು. ಕಾರಣಗಳನ್ನು ಗಮನವಿಟ್ಟು ನೋಡಬೇಕು.

ಮೊದಲನೆಯದು ಸುರಕ್ಷತೆ. 1961ರ ಜನವರಿ 3ರಂದು ಇಡಾಹೊ ರಾಜ್ಯದಲ್ಲಿ ಎಸ್‌ಎಲ್-1 ಎಂಬ ಚಿಕ್ಕ ರಿಯಾಕ್ಟರ್ ಸ್ಫೋಟಗೊಂಡು ಮೂವರು ಸಿಬ್ಬಂದಿ ಸತ್ತರು. ನಡುವಿನ ಒಂದೇ ಒಂದು ನಿಯಂತ್ರಣ ದಂಡವನ್ನು ಕೈಯಿಂದ ಮಿತಿಮೀರಿ ಮೇಲೆತ್ತಿದ್ದರಿಂದ ಈ ಅನಾಹುತ ಆಯಿತು. ರಿಯಾಕ್ಟರ್ ಚಿಕ್ಕದಾದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯುವಂತಿಲ್ಲ. ಒಂದು ದಂಡವನ್ನು ಪೂರ್ತಿ ಹೊರಗೆಳೆದರೂ ರಿಯಾಕ್ಟರ್ ಉರಿದೇಳದಂತೆ ರಚಿಸಬೇಕೆಂಬ ನಿಯಮ ಇದರಿಂದ ಗಟ್ಟಿಯಾಯಿತು.

ಎರಡನೆಯದು ವೆಚ್ಚ. ಸೇನೆ ಕಟ್ಟಿದ್ದು ಎಂಟು ರಿಯಾಕ್ಟರುಗಳನ್ನು. ಅವುಗಳ ರಚನೆ ಬಹುಮಟ್ಟಿಗೆ ಒಂದಕ್ಕಿಂತ ಒಂದು ಭಿನ್ನ. ಒಂದೇ ಅಚ್ಚಿನ ಹತ್ತಾರು ಯಂತ್ರಗಳನ್ನು ಮಾಡಿದಾಗ ಬರುವ ಅಗ್ಗದ ಬೆಲೆ ಹೀಗೆ ಎಂದೂ ಕೈಗೆ ಬರಲಿಲ್ಲ.

ಮೂರನೆಯದು ಕೊನೆಯ ಕೆಲಸ, ಅಂದರೆ ಸ್ಥಾವರವನ್ನು ಕಳಚುವುದು. ಮೆಕ್‌ಮರ್ಡೊ ಸ್ಥಾವರ ನಿಂತದ್ದು 1972ರಲ್ಲಿ. ಅನಂತರ ಅಲ್ಲಿಯ ಸಾವಿರಾರು ಟನ್ ಮಣ್ಣುಕಲ್ಲುಗಳನ್ನು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಬೇಕಾಯಿತು. ಫೋರ್ಟ್ ಬೆಲ್ವಾರ್ ಸ್ಥಾವರ 16 ವರ್ಷ ನಡೆದು 1973ರಲ್ಲಿ ನಿಂತಿತು. ಅದನ್ನು ಪೂರ್ಣವಾಗಿ ಕಳಚುವ ಕೆಲಸಕ್ಕೆ ಕೈಹಚ್ಚಿದ್ದು 2020ರ ದಶಕದಲ್ಲಿ!

ದೊಡ್ಡದೇ ಲೇಸು ಎಂದ ಕಾಲ

ಅತ್ತ ನಾಗರಿಕ ವಿದ್ಯುತ್ ಕ್ಷೇತ್ರ ಬೇರೆ ದಾರಿ ಹಿಡಿಯಿತು. ಒಂದು ಪಾತ್ರೆಯ ಎರಡರಷ್ಟು ನೀರು ಹಿಡಿಸುವ ಪಾತ್ರೆ ಮಾಡಲು ಎರಡರಷ್ಟು ಲೋಹ ಬೇಕಾಗುವುದಿಲ್ಲ. ಸ್ಥಾವರಗಳ ಲೆಕ್ಕವೂ ಸ್ಥೂಲವಾಗಿ ಹೀಗೆಯೇ. ಸಾಮರ್ಥ್ಯ ಇಮ್ಮಡಿಯಾದರೆ ವೆಚ್ಚ ಸುಮಾರು ಒಂದೂವರೆ ಪಟ್ಟು ಆಗುತ್ತದೆಂದು ಎಂಜಿನಿಯರುಗಳು ಅಂದಾಜು ಮಾಡುತ್ತಾರೆ. ಕಾವಲು, ಪರವಾನಗಿ, ಸಿಬ್ಬಂದಿಯ ಖರ್ಚೂ ಗಾತ್ರಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಈ ತರ್ಕದಿಂದ ರಿಯಾಕ್ಟರುಗಳು 1,000 ಮೆಗಾವಾಟ್ ದಾಟಿ ಬೆಳೆದವು.

ಭಾರತದ ಪರಿಸ್ಥಿತಿ ಬೇರೆಯಾಗಿತ್ತು. ನಮ್ಮ ವಿದ್ಯುತ್ ಜಾಲಗಳೇ ಆಗ ಚಿಕ್ಕವು. ಚಿಕ್ಕ ಜಾಲದಲ್ಲಿ ದೊಡ್ಡ ಘಟಕವೊಂದು ಹಠಾತ್ತನೆ ನಿಂತರೆ ಇಡೀ ಜಾಲವೇ ಕುಸಿಯಬಹುದು. ನಮ್ಮ ಕಾರ್ಖಾನೆಗಳು ತಯಾರಿಸಬಲ್ಲ ಭಾಗಗಳ ಗಾತ್ರಕ್ಕೂ ಮಿತಿಯಿತ್ತು. ಆದುದರಿಂದ ಭಾರಜಲ ಬಳಸುವ 220 ಮೆಗಾವಾಟ್ ಘಟಕವನ್ನು ಮಾದರಿಯಾಗಿ ಸ್ವೀಕರಿಸಿ, ಅದನ್ನೇ ನರೋರಾ, ಕಾಕ್ರಾಪಾರ್, ರಾಜಸ್ಥಾನ, ಕೈಗಾಗಳಲ್ಲಿ ಮತ್ತೆ ಮತ್ತೆ ಕಟ್ಟಲಾಯಿತು. ಗಾತ್ರದ ದೃಷ್ಟಿಯಿಂದ ಇವೂ ಕಿರು ರಿಯಾಕ್ಟರುಗಳೇ. ಆದರೆ ಇವು ಕಾರ್ಖಾನೆಯಿಂದ ಬಂದು ಕೂತವಲ್ಲ, ಸ್ಥಳದಲ್ಲಿಯೇ ವರ್ಷಗಟ್ಟಲೆ ಕಟ್ಟಿದವು.

ಉತ್ತರ ಕನ್ನಡದ ಕೈಗಾ ಈ ವಿಧಾನದ ಎರಡು ಮುಖಗಳನ್ನೂ ತೋರಿಸುತ್ತದೆ. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿಬಿತ್ತು. ಒಂದೇ ಮಾದರಿಯಾದ್ದರಿಂದ ಇದರ ಬಿಸಿ ರಾಜಸ್ಥಾನದ 3 ಮತ್ತು 4ನೇ ಘಟಕಗಳಿಗೂ ತಟ್ಟಿತು. ಗುಮ್ಮಟದ ವಿನ್ಯಾಸವನ್ನು ತಿದ್ದಬೇಕಾಯಿತು. ಅದೇ ಮೊದಲ ಘಟಕ ಮುಂದೆ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡುವಿಲ್ಲದೆ ನಡೆದು ವಿಶ್ವದಾಖಲೆ ಸ್ಥಾಪಿಸಿತು. ಒಂದೇ ಅಚ್ಚಿನಲ್ಲಿ ಕಟ್ಟಿದಾಗ ದೋಷವೂ ಹಲವು ಕಡೆ ಹರಡುತ್ತದೆ, ಕಲಿತ ಪಾಠವೂ ಹಲವು ಕಡೆ ಫಲ ಕೊಡುತ್ತದೆ.

ಮತ್ತೆ ಚಿಕ್ಕದರ ಕಡೆಗೆ

ದೊಡ್ಡ ಸ್ಥಾವರಗಳಿಗೆ ತಗಲುವ ಕಾಲ ಮತ್ತು ಹಣ ಹಲವು ದೇಶಗಳಲ್ಲಿ ಲೆಕ್ಕ ಮೀರಿದ್ದರಿಂದ ದೃಷ್ಟಿ ಪುನಃ ಚಿಕ್ಕದರ ಕಡೆಗೆ ಹೊರಳಿದೆ. ರಷ್ಯಾ 35 ಮೆಗಾವಾಟ್‌ನ ಎರಡು ರಿಯಾಕ್ಟರುಗಳಿರುವ ‘ಅಕಾಡೆಮಿಕ್ ಲಮನೋಸಫ್’ ಎಂಬ ತೇಲುವ ಸ್ಥಾವರದ ಕೆಲಸವನ್ನು 2007ರಲ್ಲಿ ಆರಂಭಿಸಿತು. ಅದರಿಂದ ವಿದ್ಯುತ್ ಬಂದದ್ದು 2019ರ ಡಿಸೆಂಬರಿನಲ್ಲಿ. ಚೀನಾ 2012ರಲ್ಲಿ ಆರಂಭಿಸಿದ ಅನಿಲಶೀತಕ ಸ್ಥಾವರ 2023ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. ಚಿಕ್ಕದಾದರೂ ಮೊದಲ ಸ್ಥಾವರಕ್ಕೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಿಡಿದದ್ದನ್ನು ಗಮನಿಸಿರಿ.

ಅಮೆರಿಕದ ನ್ಯೂಸ್ಕೇಲ್ ಯೋಜನೆಯ ಕಥೆ ಇನ್ನೂ ಬೋಧಪ್ರದ. ಇಡಾಹೊದಲ್ಲಿ ಒಟ್ಟು 462 ಮೆಗಾವಾಟ್‌ನ ಆರು ಘಟಕಗಳನ್ನು ಕೂಡಿಸಬೇಕೆಂದಿತ್ತು. ವಿದ್ಯುತ್ತಿನ ಅಂದಾಜು ಬೆಲೆ ಯೂನಿಟ್ಟಿಗೆ 5.8 ಸೆಂಟ್‌ನಿಂದ 8.9 ಸೆಂಟ್‌ಗೆ ಏರಿತು. ಕೊಳ್ಳಲು ಒಪ್ಪಿದ ಪಟ್ಟಣಗಳು ಸಾಕಷ್ಟಿರಲಿಲ್ಲ. 2023ರ ನವೆಂಬರಿನಲ್ಲಿ ಯೋಜನೆ ರದ್ದಾಯಿತು. ಇದಕ್ಕಿಂತ ಕಡಿಮೆ ಸಾಮರ್ಥ್ಯದ ಹಿಂದಿನ ವಿನ್ಯಾಸಕ್ಕೆ ಸರಕಾರಿ ನಿಯಂತ್ರಣ ಆಯೋಗದ ಪ್ರಮಾಣಪತ್ರ ಸಿಕ್ಕಿತ್ತು, ಆದರೆ ಸಾಕಷ್ಟು ಗಿರಾಕಿಗಳು ಸಿಗಲಿಲ್ಲ.

ಭಾರತ ಸರಕಾರ 2025ರ ಮುಂಗಡಪತ್ರದಲ್ಲಿ 20,000 ಕೋಟಿ ರೂಪಾಯಿಗಳ ಪರಮಾಣು ಶಕ್ತಿ ಅಭಿಯಾನವನ್ನು ಪ್ರಕಟಿಸಿತು. 2033ರೊಳಗೆ ಕಡಿಮೆಯೆಂದರೆ ಐದು ಸ್ವದೇಶಿ ಕಿರು ರಿಯಾಕ್ಟರುಗಳು ನಡೆಯಬೇಕೆಂಬುದು ಅದರ ಗುರಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು 200 ಮತ್ತು 55 ಮೆಗಾವಾಟ್‌ಗಳ ವಿನ್ಯಾಸಗಳಲ್ಲಿ ತೊಡಗಿದೆ. ಪರಿಚಿತವಾದ 220 ಮೆಗಾವಾಟ್ ಘಟಕವನ್ನೇ ಸುಧಾರಿಸಿ ಉಕ್ಕು, ಸಿಮೆಂಟಿನಂತಹ ಕೈಗಾರಿಕೆಗಳ ಸ್ವಂತ ಬಳಕೆಗೆ ಒದಗಿಸುವ ಆಲೋಚನೆಯೂ ಇದೆ.

ಈ ಯೋಜನೆಗಳನ್ನು ಅಳೆಯುವಾಗ ಚರಿತ್ರೆ ನಮ್ಮ ಕೈಗೆ ಮೂರು ಪ್ರಶ್ನೆಗಳನ್ನು ಕೊಡುತ್ತದೆ. ಒಂದೇ ವಿನ್ಯಾಸದ ಎಷ್ಟು ಘಟಕಗಳಿಗೆ ಖಚಿತವಾದ ಬೇಡಿಕೆ ಇದೆ? ಐದು ಘಟಕಗಳು ಐದು ಬಗೆಯಾದರೆ ಅಮೆರಿಕದ ಸೇನೆಯ ಅನುಭವವೇ ಮರುಕಳಿಸೀತು. ಜನವಸತಿಗೆ, ಕಾರ್ಖಾನೆಗೆ ಹತ್ತಿರ ತರುವ ಸ್ಥಾವರದ ಸುರಕ್ಷತೆಯನ್ನು ಪರೀಕ್ಷಿಸುವವರು ಯಾರು, ಅವರಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಇದೆಯೆ? ಬಳಸಿದ ಇಂಧನವನ್ನು ಒಯ್ಯುವ, ಕೊನೆಗೆ ಸ್ಥಾವರವನ್ನು ಕಳಚುವ ಹಣವನ್ನು ಮೊದಲ ದಿನವೇ ತೆಗೆದಿರಿಸಲಾಗಿದೆಯೆ?

ಇಂದು ಪರವಾನಗಿ ಪಡೆಯುವ ಸ್ಥಾವರ ಅರವತ್ತು ವರ್ಷ ನಡೆಯಬಹುದು. ಅದನ್ನು ನಡೆಸುವವರು, ಅದರ ವಿದ್ಯುತ್ತಿಗೆ ಬೆಲೆ ತೆರುವವರು, ಕೊನೆಗೆ ಅದನ್ನು ಕಳಚುವವರು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಅವರ ಮಕ್ಕಳು. ಹೀಗಿರುವುದರಿಂದ ಈ ಮೂರು ಪ್ರಶ್ನೆಗಳನ್ನು ಕೇಳುವ ಹಕ್ಕೂ ಹೊಣೆಯೂ ನಿಮ್ಮದೇ.